ರೊಟ್ಟಿಗೊಂದು ಸನ್ನೆ, ಉಪ್ಪಿಗೊಂದು ಸನ್ನೆ

೨೮ ಜುಲೈ ೨೦೨೫, ಸೋಮವಾರ. ಗೋಕಾಕ

ಇಪ್ಪತ್ತೇಳು ವರ್ಷ ಕಾಲೇಜಿನಲ್ಲಿ ಇತಿಹಾಸ ಹೇಳಿದವನು ನಾನು. ಊರಲ್ಲಿ ಸತ್ಕಾರ ಸಮಾರಂಭವಿರಲಿ, ಶಾಲೆಯ ಸ್ನೇಹ ಸಮ್ಮೇಳನವಿರಲಿ, ಮೈಕಿನ ಮುಂದೆ ಪರಪ್ಪ ಸರ್ ಇರಲೇಬೇಕು. ಹಿಂದಿನ ಬೆಂಚಿನವನ ನಿದ್ದೆಯನ್ನೂ ಕೆಡಿಸುವ ಧ್ವನಿ ಅಂತ ಹೆಸರು. ಅಂಥವನು ಈಗ ಬಾಯಿಗೆ ಬೀಗ ಹಾಕಿಕೊಂಡು ನೂರು ಪುಟದ ನೋಟುಬುಕ್ಕಿನಲ್ಲಿ ಗೀಚುತ್ತ ಕೂತಿದ್ದೇನೆ. ಏನು ಹೇಳಲಿ! ಹೇಳುವಂತಿದ್ದರೆ ಬರೆಯುವ ಗ್ರಹಚಾರ ಯಾಕೆ ಬರುತ್ತಿತ್ತು?

ಶನಿವಾರ ಬೆಳಗಾವಿಯಲ್ಲಿ ಆಪರೇಶನ್ ಆಯಿತು. ಧ್ವನಿಪೆಟ್ಟಿಗೆಯಲ್ಲಿ ಜೋಳದ ಕಾಳಿನಷ್ಟು ಗಂಟು ಬೆಳೆದಿತ್ತಂತೆ. ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಎಂಥ ಗಂಟು ಎಂಬುದು ಹತ್ತು ದಿನಕ್ಕೆ ಗೊತ್ತಾಗುತ್ತದೆ. ಆ ರೋಗದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ.

"ಆಗಸ್ಟ್ ಹದಿನೆಂಟರ ತನಕಾ ಒಂದ ಅಕ್ಷರ ಮಾತಾಡಬ್ಯಾಡ್ರಿ ಸರ್," ಅಂದರು ಡಾಕ್ಟರು. "ಪಿಸುಮಾತಂತೂ ಬ್ಯಾಡೇ ಬ್ಯಾಡ, ಅದರಿಂದ ಗಾಯಕ್ಕ ಇನ್ನೂ ತ್ರಾಸ. ತಡೀಲಾರದ ಮಾತಾಡಿದ್ರೆಂದ್ರ ಧ್ವನಿ ಒಡದ ಹೋಗ್ತೈತಿ, ಆಮ್ಯಾಲ ನನ್ನ ಕೇಳಬ್ಯಾಡ್ರಿ."

ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ. ಧ್ವನಿ ಹೋದ ಮಾಸ್ತರನನ್ನು ಯಾವ ಕಾಲೇಜು ಇಟ್ಟುಕೊಳ್ಳುತ್ತದೆ? ಇಟ್ಟುಕೊಂಡರೂ ನಾನೇನು ಹಾಜರಿ ತೆಗೆಯುತ್ತ ಕೂಡಬೇಕೆ? ಭಯವಾಗಿದೆ. ಯಾರೂ ಓದದ ಈ ಪುಸ್ತಕದಲ್ಲಿ ಬರೆಯಲು ನಾಚಿಕೆಯೇನು, ಬಹಳ ಭಯವಾಗಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಹೆಂಡತಿ ದಾಕ್ಷಾಯಿಣಿ ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೂತಿದ್ದಳು. ಮೊದಲಿನಿಂದಲೂ ಅವಳು ಮಾತು ಕಡಿಮೆಯ ಹೆಂಗಸು. ಬಸ್‌ಸ್ಟ್ಯಾಂಡಿನ ಹತ್ತಿರ ಇಳಿದು ಒಂದು ಪಾಟಿ, ಒಂದು ಡಬ್ಬಿ ಬಳಪ ಕೊಂಡಳು, ಒಂದನೇ ಇಯತ್ತೆಯ ಹುಡುಗನಿಗೆ ಕೊಂಡಂತೆ.

೨೯ ಜುಲೈ, ಮಂಗಳವಾರ. ನಾಗರಪಂಚಮಿ

ನನ್ನ ಸಲುವಾಗಿ ದಾಕ್ಷಾಯಿಣಿ ಈ ಸಲ ಪಂಚಮಿಗೆ ತವರಿಗೆ ಹೋಗಲಿಲ್ಲ. ಬೆಲ್ಲದ ಬಾಗೇವಾಡಿಯಿಂದ ಅವಳ ತಮ್ಮ ಎರಡು ಸಲ ಫೋನು ಮಾಡಿದ. ಮನೆಯಲ್ಲೇ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದಳು. ನನಗೆ ಗಟ್ಟಿ ಪದಾರ್ಥ ಬೇಡವಂತೆ, ಅಂಬಲಿ ಕುಡಿದೆ.

ಬಾಜೂ ಮನೆಯ ಪಾರವ್ವ ಉಂಡಿಯ ತಾಟು ಹಿಡಿದು ಬಂದಳು. ನಾನು ಆಗಷ್ಟೇ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತಿದ್ದೆ. "ಹೆಂಗದೀರಿ ಮಾಸ್ತರ?" ಅಂದಳು. ಕೈಮುಗಿದೆ. "ಯಾಕ್ರಿ, ಮಾತಾಡವೊಲ್ರಿ?" ಅಂದಳು. ಪಾಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದೆ: ಗಂಟಲು ಆಪರೇಶನ್. ಮೂರು ವಾರ ಮಾತಿಲ್ಲ.

ಪಾರವ್ವನಿಗೆ ಓದಲು ಬರುವುದಿಲ್ಲವೆಂಬುದು ನನಗೆ ಹೊಳೆಯಲೇ ಇಲ್ಲ. ಅವಳು ಪಾಟಿ ನೋಡಿದಳು, ನನ್ನ ಹಣೆ ನೋಡಿದಳು, ಆಮೇಲೆ ಪಾಟಿಯನ್ನು ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ಶ್ರಾವಣದಾಗ ಮೌನ ಹಿಡದೀರಿ. ಪುಣ್ಯಾವಂತರು ಬಿಡ್ರಿ," ಅಂದು ಹಿಂದೆ ಹಿಂದೆ ಸರಿಯುತ್ತ ಹೋದಳು. ದಾಕ್ಷಾಯಿಣಿ ಅಡುಗೆಮನೆಯಲ್ಲಿದ್ದಳು. ಕೂಗಿ ಕರೆಯೋಣವೆಂದರೆ ಎಲ್ಲಿಂದ ಕೂಗಲಿ?

೩೧ ಜುಲೈ, ಗುರುವಾರ

ಪಾಟಿಯ ಸಂಸಾರ ನಡೆಯುವಂಥದ್ದಲ್ಲ. ನಾನು 'ಚಹಾ' ಎಂದು ಬರೆಯುತ್ತೇನೆ. ದಾಕ್ಷಾಯಿಣಿ ಕಣ್ಣಿನ ಚಾಳೀಸು ಹುಡುಕುತ್ತಾಳೆ. ಚಾಳೀಸು ಸಿಗುವಷ್ಟರಲ್ಲಿ ನನಗೆ ಚಹಾದ ಮೇಲಿನ ಆಸೆಯೇ ಹೋಗಿರುತ್ತದೆ.

ಬೇಜಾರಿಗೆ ನನ್ನ ಹಳೆಯ ಪಾಠದ ಟಿಪ್ಪಣಿ ತೆರೆದೆ. ಆರಂಭಿಕ ಮಧ್ಯಯುಗದ ಯುರೋಪು, ಅಧ್ಯಾಯ ಮೂರು, ಮಠಗಳು. 'ಸನ್ಯಾಸಿಗಳು ಮೌನವನ್ನು ಪಾಲಿಸುತ್ತಿದ್ದರು.' ಈ ವಾಕ್ಯವನ್ನು ಇಪ್ಪತ್ತೇಳು ವರ್ಷ ಬರೆಸಿದ್ದೇನೆ. ಪೂರ್ಣವಿರಾಮ, ಮುಂದಿನ ಪಾಯಿಂಟು.

ಈ ಸಲ ಜುಲೈ ಮೊದಲ ವಾರ ಅದೇ ವಾಕ್ಯ ಬರೆಸುವಾಗ ಎರಡನೇ ಬೆಂಚಿನ ತೃಪ್ತಿ ಎದ್ದು ನಿಂತಿದ್ದಳು. ಹುಕ್ಕೇರಿಯಿಂದ ದಿನಾ ಬಸ್ಸಿಗೆ ಬರುವ ಹುಡುಗಿ. "ಸರ್, ಮಾತಾಡಂಗಿಲ್ಲಂದ್ರ ಊಟಕ್ಕ ಕುಂತಾಗ ಉಪ್ಪ ಹೆಂಗ ಕೇಳ್ತಿದ್ರು?" ಇಡೀ ಕ್ಲಾಸು ನಕ್ಕಿತು. "ಅದು ಸಿಲಬಸ್ಸಿನ್ಯಾಗ ಇಲ್ಲವಾ, ಕುಂದರು," ಅಂದಿದ್ದೆ ನಾನು. ಕ್ಲಾಸು ಇನ್ನೊಮ್ಮೆ ನಕ್ಕಿತು, ನನ್ನ ಪರವಾಗಿ.

ಇವತ್ತು ಮಧ್ಯಾಹ್ನ ಅಂಬಲಿಗೆ ಉಪ್ಪು ಕಡಿಮೆಯಿತ್ತು. ಪಾಟಿ ಪಡಸಾಲೆಯಲ್ಲಿತ್ತು. ದಾಕ್ಷಾಯಿಣಿ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತಿದ್ದಳು. ಸಪ್ಪೆ ಅಂಬಲಿ ಕುಡಿದು ಎದ್ದೆ. ಖರೇನೇ, ಹೇಗೆ ಕೇಳುತ್ತಿದ್ದರು ಆ ಸನ್ಯಾಸಿಗಳು? ಸಂಜೆ ತೃಪ್ತಿಗೆ ವಾಟ್ಸಾಪಿನಲ್ಲಿ ಒಂದು ಸಂದೇಶ ಹಾಕಿದೆ. ಲೈಬ್ರರಿಯಲ್ಲಿ ಮೇಲಿನ ಕಪಾಟಿನಲ್ಲಿ ಮಠಗಳ ಇತಿಹಾಸದ ದಪ್ಪ ಪುಸ್ತಕವಿದೆ, ಧೂಳು ಝಾಡಿಸಿ ತಂದುಕೊಡು ಅಂತ.

೨ ಆಗಸ್ಟ್, ಶನಿವಾರ

ತೃಪ್ತಿ ಪುಸ್ತಕ ತಂದಳು. ಹಿಂದೆ ಅಂಟಿಸಿದ ಚೀಟಿಯಲ್ಲಿ ಒಂದೂ ಠಸ್ಸೆ ಇಲ್ಲ. ಕಾಲೇಜು ಕೊಂಡಾಗಿನಿಂದ ಯಾರೂ ಒಯ್ದಿಲ್ಲ, ನಾನೂ ಸೇರಿ.

ಪಾಟಿಯ ಮೇಲೆ ಬರೆದೆ: ಆ ಉಪ್ಪಿನ ಪ್ರಶ್ನೆ ನಿನಗೆ ಹೇಗೆ ಹೊಳೆಯಿತು? ಅವಳು ಸಂಕೋಚ ಪಟ್ಟುಕೊಂಡು ಹೇಳಿದಳು: "ನಾವು ಜೈನರದೀವ್ರಿ ಸರ್. ಚಾತುರ್ಮಾಸದಾಗ ನಮ್ಮೂರಿಗೆ ಮುನಿಗಳು ಬಂದಾರ. ಆಹಾರ ತಗೊಳ್ಳುವಾಗ ಅವರು ಮಾತಾಡಂಗಿಲ್ರಿ. ನೀರ ಬೇಕಂದ್ರ, ಸಾಕಂದ್ರ, ಎಲ್ಲಾ ಕೈಸನ್ನಿಲೇ. ನಮ್ಮ ಅವ್ವಗ ಎಲ್ಲಾ ಗೊತ್ತಾಗ್ತೈತಿ. ಅದಕ್ಕ ಇವರೂ ಹಂಗ ಏನರ ಮಾಡ್ತಿದ್ರೇನೋ ಅಂತ ಕೇಳಿದೆ."

ಅಲ್ಲ ಮತ್ತೆ! ಆ ಹುಡುಗಿ ನಗಿಸಲು ಕೇಳಿರಲಿಲ್ಲ, ಕಣ್ಣಾರೆ ಕಂಡದ್ದನ್ನು ಇಟ್ಟುಕೊಂಡು ಕೇಳಿದ್ದಳು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಅವಳು ಹೋದಮೇಲೆ ಸಂಜೆಯವರೆಗೆ ಓದಿದೆ. ಸಿಕ್ಕಿತು! ಫ್ರಾನ್ಸಿನಲ್ಲಿ ಕ್ಲೂನಿ ಎಂಬ ಮಠ, ಕ್ರಿ.ಶ. ೯೧೦ರಲ್ಲಿ ಸ್ಥಾಪನೆ. (ಇಸವಿ ಬರೆಸಿದ್ದೇನೆ, ಒಳಗೆ ಹೋಗಿ ನೋಡಿರಲಿಲ್ಲ.) ಹತ್ತನೇ ಶತಮಾನದಲ್ಲೇ ಅಲ್ಲಿ ಸನ್ನೆಗಳ ರೂಢಿ ಬೆಳೆಯಿತು, ಮುಂದಿನ ಶತಮಾನದಲ್ಲಿ ಅವನ್ನು ಪಟ್ಟಿ ಮಾಡಿ ಬರೆದಿಟ್ಟರು. ರೊಟ್ಟಿಗೊಂದು, ಮೀನಿಗೊಂದು, ಹಾಲಿಗೊಂದು, ಜೇನಿಗೊಂದು. ಊಟದ ಹೊತ್ತಿನಲ್ಲಿ ಒಬ್ಬ ಎತ್ತರದ ಪೀಠದಲ್ಲಿ ನಿಂತು ಗಟ್ಟಿಯಾಗಿ ಓದುವುದು, ಉಳಿದವರೆಲ್ಲ ಕೇಳುತ್ತ ಉಣ್ಣುವುದು, ಬೇಕಾದ್ದನ್ನು ಬೆರಳಿನಿಂದ ಕೇಳುವುದು. ಉಪ್ಪು ಸಿಕ್ಕಿದ್ದು ಇಂಗ್ಲೆಂಡಿನ ಮಠವೊಂದರ ಪಟ್ಟಿಯಲ್ಲಿ: ಮೂರು ಬೆರಳು ಕೂಡಿಸಿ, ಉದುರಿಸಿದಂತೆ ಕೈ ಅಲ್ಲಾಡಿಸಬೇಕು.

ತೃಪ್ತಿಗೆ ತಕ್ಷಣ ಬರೆದು ಕಳಿಸಿದೆ. ಅವಳಿಂದ ಎರಡೂ ಕೈ ಎತ್ತಿ ಕುಣಿಯುವ ಬೊಂಬೆಯ ಚಿತ್ರ ಬಂತು.

೩ ಆಗಸ್ಟ್, ಭಾನುವಾರ

ಪ್ರಯೋಗ ಮಾಡಿದೆ. ಊಟಕ್ಕೆ ಕೂತು ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಕೂಡಿಸಿ ಗುಂಡಗೆ ಹಿಡಿದೆ. ಕ್ಲೂನಿಯವರ ರೊಟ್ಟಿ, ರೊಟ್ಟಿ ಗುಂಡಗಿರುತ್ತದಲ್ಲ, ಅದಕ್ಕೆ. ದಾಕ್ಷಾಯಿಣಿ ಒಂದು ಗಳಿಗೆ ನೋಡಿ, "ರೊಟ್ಟಿ ಬೇಕೇನ್ರಿ? ಹಾಲಾಗ ನೆನಸಿ ಕೊಡ್ತೇನಿ," ಅಂದಳು. ಸಾವಿರ ವರ್ಷದ ಹಿಂದಿನ ಫ್ರಾನ್ಸಿನ ಸನ್ನೆ ಗೋಕಾಕದ ಅಡುಗೆಮನೆಯಲ್ಲಿ ಮೊದಲ ಹೊಡೆತಕ್ಕೇ ನಡೆಯಿತು! ಮೂರು ಬೆರಳು ಕೂಡಿಸಿದೆ. ಉಪ್ಪಿನ ಬಟ್ಟಲು ಮುಂದೆ ಬಂತು.

ಹಾಲಿನ ಸನ್ನೆ ಮಾತ್ರ ಕೆಟ್ಟಿತು. ಕೂಸು ಮೊಲೆಯುಣ್ಣುವಂತೆ ಕಿರುಬೆರಳನ್ನು ತುಟಿಗೆ ಇಡಬೇಕು. ಇಟ್ಟೆ. "ಯಾಕ್ರಿ, ಹಲ್ಲ ನೋಯಾಕತ್ತಾವೇನು?" ಅಂದಳು. ಇಲ್ಲವೆಂದು ತಲೆಯಾಡಿಸಿ ಮತ್ತೆ ಇಟ್ಟೆ. ಐವತ್ತೆಂಟರ ಗಂಡ ಬೆರಳು ಚೀಪುವುದನ್ನು ಕಂಡು ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಅವಳು ಹಾಗೆ ನಕ್ಕದ್ದನ್ನು ಕಂಡು ಎಷ್ಟು ವರ್ಷವಾಯಿತೋ.

ಪಟ್ಟಿಯಲ್ಲಿ ನನಗೆ ಹಿಡಿಸಿದ ಇನ್ನೊಂದಿದೆ. ಪುಸ್ತಕ ಬೇಕಾದರೆ ಹಾಳೆ ತಿರುವಿದಂತೆ ಕೈಯಾಡಿಸುವುದು. ಕ್ರೈಸ್ತನಲ್ಲದವನು ಬರೆದ ಪುಸ್ತಕವಾದರೆ, ಆಮೇಲೆ ನಾಯಿ ಕಾಲಿನಿಂದ ಕೆರೆದುಕೊಳ್ಳುವಂತೆ ಕಿವಿ ಕೆರೆದುಕೊಳ್ಳುವುದು. ಹೀಯಾಳಿಸಿದಂತೆಯೂ ಆಯಿತು, ಓದಿದಂತೆಯೂ ಆಯಿತು. ಬೈಯುತ್ತಿದ್ದರು, ಆದರೆ ತರಿಸಿಕೊಳ್ಳುತ್ತಿದ್ದರು! ಇಂಥವರ ಕಾಲವನ್ನು 'ಅಂಧಕಾರ ಯುಗ' ಎಂದು ಬರೆಸುತ್ತ ಬಂದಿದ್ದೇನೆ. ವಿದ್ವಾಂಸರು ಆ ಹೆಸರನ್ನು ಬಿಟ್ಟು ಎಷ್ಟೋ ಕಾಲವಾಯಿತೆಂದು ಈ ಪುಸ್ತಕ ಹೇಳುತ್ತದೆ. ನನ್ನ ಟಿಪ್ಪಣಿ ನೋಡಿಕೊಂಡು ಕಿವಿ ಕೆರೆದುಕೊಂಡೆ.

೫ ಆಗಸ್ಟ್, ಮಂಗಳವಾರ

ಪಾರವ್ವ ಓಣಿಯೆಲ್ಲ ಸಾರಿದ್ದಾಳೆ. ಪರಪ್ಪ ಮಾಸ್ತರರು ಮೌನಾನುಷ್ಠಾನಕ್ಕೆ ಕೂತಿದ್ದಾರಂತೆ, ಬರೀ ಅಂಬಲಿಯ ಮೇಲಿದ್ದಾರಂತೆ. ನಿನ್ನೆ ಶ್ರಾವಣ ಸೋಮವಾರ. ಆರು ಜನ ಬಂದರು. ಕಾಯಿ, ಸಕ್ಕರೆ, ಒಂದು ಡಜನ್ ಬಾಳೆಹಣ್ಣು. ಒಬ್ಬಳು ಕಾಲಿಗೇ ಬಿದ್ದಳು. ನಾನು ಗಂಟಲು ಮುಟ್ಟಿ ತೋರಿಸಿದರೆ ಅವರೂ ಭಕ್ತಿಯಿಂದ ತಮ್ಮ ಗಂಟಲು ಮುಟ್ಟಿಕೊಂಡರು.

ದಾಕ್ಷಾಯಿಣಿ ಬಂದವರಿಗೆಲ್ಲ ಆಪರೇಶನ್ನಿನ ಸಂಗತಿ ಬಿಡಿಸಿ ಹೇಳಿದಳು. "ಹೌದ್ರಿ, ಗಂಟಲಾ ಬ್ಯಾನಿ ಅಂತ ಹೇಳೂದ ಅವರ ದೊಡ್ಡಸ್ತನಾ," ಅಂದಳಂತೆ ಪಾರವ್ವ. ಇನ್ನೇನು ಮಾಡುವುದು? ಅವರು ಹೋದಮೇಲೆ ದಾಕ್ಷಾಯಿಣಿ ಬಾಳೆಹಣ್ಣು ಸುಲಿದು ತಂದು ನನ್ನ ಮುಂದೆ ಹಿಡಿದಳು: "ಅಪ್ಪಾರ, ಪ್ರಸಾದ ತಗೋರಿ. ಈ ಬಡವಿ ಮ್ಯಾಲೂ ಒಂದೀಟ ಕೃಪಾ ಇರಲಿ." ಉತ್ತರ ಕೊಡಲಾಗದ ಗಂಡನನ್ನು ಕಾಡುವುದು ಸುಲಭ, ಕಾಡಲಿ.

೬ ಆಗಸ್ಟ್, ಬುಧವಾರ

ಇವತ್ತು ಕಲ್ಲೋಳಿಯಿಂದ ಬೀರಸಿದ್ದಪ್ಪ ಎಂಬ ಒಬ್ಬ ಒಕ್ಕಲಿಗ ಬಂದ. ಪಾರವ್ವನ ಬೀಗರ ಪೈಕಿ. ದಾಕ್ಷಾಯಿಣಿ ಸಂತೆಗೆ ಹೋಗಿದ್ದಳು, ನನ್ನನ್ನು ಬಿಡಿಸಲು ಯಾರೂ ಇರಲಿಲ್ಲ. ಅವನು ಚಾಪೆಯ ತುದಿಯಲ್ಲಿ ಕೂತು ಶುರು ಮಾಡಿದ. ಅಣ್ಣನ ಜೊತೆ ಬದುವಿನ ಜಗಳ. ಐದು ವರ್ಷದಿಂದ ಮಾತಿಲ್ಲ. ಮುಂದಿನ ತಿಂಗಳು ಅಣ್ಣನ ಮಗಳ ಲಗ್ನ, ಕರೆಯಲು ಬಂದಿಲ್ಲ. ಹೋಗಬೇಕೋ ಬೇಡವೋ?

ಮುಕ್ಕಾಲು ತಾಸು ಹೇಳಿದ. ಅಣ್ಣನನ್ನು ಬೈದ. ನಡುವೆ ತಾನೂ ಒಮ್ಮೆ ಬದುವಿನ ಕಲ್ಲು ಸರಿಸಿದ್ದನ್ನು ಹೇಳಿದ. ನಾನು ಮಾತಾಡುವಂತಿದ್ದರೆ ಎರಡನೇ ನಿಮಿಷಕ್ಕೇ ತಡೆದು, ಪಹಣಿ ಪತ್ರಿಕೆ ಎಲ್ಲಿದೆ, ಸರ್ವೇ ಮಾಡಿಸು ಎಂದು ಬುದ್ಧಿ ಹೇಳಿ ಕಳಿಸುತ್ತಿದ್ದೆ. ಈಗ ಏನೂ ಮಾಡುವಂತಿರಲಿಲ್ಲ, ಅವನ ಮುಖ ನೋಡುತ್ತ ಕೂತೆ. "ಸಣ್ಣಾಂವಿದ್ದಾಗ ನನ್ನ ಹೆಗಲಮ್ಯಾಲ ಹೊತ್ಕೊಂಡ ಸಾಲಿಗೆ ಒಯ್ತಿದ್ದನ್ರಿ," ಅಂದ. ಗಲ್ಲ ಒರೆಸಿಕೊಂಡ. ಎದ್ದು ನನ್ನ ಪಾದ ಮುಟ್ಟಿ, "ತಿಳೀತ್ರಿ ಅಪ್ಪಾರ. ಹೋಗಿ ಬರ್ತೇನ್ರಿ ಲಗ್ನಕ್ಕ," ಅಂದು ಹೋಗಿಬಿಟ್ಟ.

ನಾನೇನು ಮಾಡಿದೆ? ಏನೂ ಇಲ್ಲ. ವಿಚಿತ್ರವಾಗಿದೆ.

೭ ಆಗಸ್ಟ್, ಗುರುವಾರ

ನಾಳೆ ಪರೀಕ್ಷೆಯ ಫಲಿತಾಂಶ. ಓದಲು ಮನಸ್ಸಾಗಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ಕೂತೆ. ದಾಕ್ಷಾಯಿಣಿ ಮೆಂತೆಪಲ್ಲೆ ಸೋಸುತ್ತಿದ್ದಳು. ನನ್ನ ಮುಖ ನೋಡಿ, ಏನನ್ನಾದರೂ ಮಾತಾಡಬೇಕೆಂದು ಮಾತಾಡಿದಳೆಂದು ಕಾಣುತ್ತದೆ: "ನಾನು, ನಮ್ಮ ಚಿಗವ್ವ, ಎರಡ ಎಮ್ಮಿ ಹೊಡಕೊಂಡ ಬಾಗೇವಾಡಿಯಿಂದ ಗೋಕಾಕಕ್ಕ ನಡಕೋತ ಬಂದಿದ್ದಿವ್ರಿ."

ಈ ವಾಕ್ಯ ನನಗೆ ಬಾಯಿಪಾಠ. ಮದುವೆಯಾದ ವರ್ಷದಿಂದ ಕೇಳಿದ್ದೇನೆ. ಪ್ರತಿ ಸಲ ಇಲ್ಲಿಗೆ ಬಂದಾಗ ನಾನು "ಯಾವ ಇಸವಿ? ಆವಾಗ ಬಸ್ಸ ಇದ್ದೂ ಅಲ್ಲ?" ಎನ್ನುತ್ತೇನೆ, ಅವಳು "ಇದ್ದೂರಿ" ಎಂದು ಎದ್ದು ಹೋಗುತ್ತಾಳೆ. ಇವತ್ತೂ ಇಸವಿ ಕೇಳಲು ಕೈ ಎತ್ತಿದೆ. ಇಸವಿಗೆ ಕ್ಲೂನಿಯವರ ಹತ್ತಿರ ಸನ್ನೆಯಿಲ್ಲ. ಪಾಟಿಯೂ ದೂರವಿತ್ತು. ಕೈ ಇಳಿಸಿದೆ. ಅವಳು ಸ್ವಲ್ಪ ಹೊತ್ತು ಕಾದಳು, ಆಮೇಲೆ ಎರಡನೇ ವಾಕ್ಯ ಹೇಳಿದಳು.

ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಆ ಕಥೆಯ ಎರಡನೇ ವಾಕ್ಯ ಕೇಳಿದ್ದು ಇವತ್ತೇ: "ಕಾಕಾ ಚಿಗವ್ವನ್ನ ಹೊಡದಿದ್ದ. ಅಕಿ ಅಳಲಿಲ್ಲ. ಮುಂಜಾನೆ ಎದ್ದು, ತವರಮನಿಂದ ಬಂದ ಎರಡ ಎಮ್ಮಿ ಬಿಚ್ಚಿದಳು, ಹನ್ನೊಂದ ವರ್ಷದ ನನ್ನ ಕೈ ಹಿಡಕೊಂಡ್ಳು, ಹೊಂಟ ಬಿಟ್ಳು. ಬಸ್ಸ ಇದ್ದೂರಿ. ಬಸ್ಸಿನ್ಯಾಗ ಎಮ್ಮಿ ಹತ್ತಸ್ಕೋತಾರೇನ್ರಿ?"

ಇಷ್ಟು ಹೇಳಿ ಪಲ್ಲೆ ತೊಳೆಯಲು ಎದ್ದಳು. ಮುಂದೆ? ಮುಂದೇನಾಯಿತು?

೮ ಆಗಸ್ಟ್, ಶುಕ್ರವಾರ

ಗಂಟು ಸಾದಾ ಗಂಟು. ಬೇರೆ ಏನೂ ಇಲ್ಲ.

ಡಾಕ್ಟರು ದಾಕ್ಷಾಯಿಣಿಯ ಫೋನಿಗೇ ಹೇಳಿದರು. ಅವಳು ಫೋನು ಕೆಳಗಿಟ್ಟು, ನನ್ನ ಎದುರು ನೆಲದ ಮೇಲೆ ಕೂತು, ನನ್ನ ಎರಡೂ ಮೊಣಕಾಲು ಗಟ್ಟಿಯಾಗಿ ಹಿಡಿದುಕೊಂಡು ಅತ್ತಳು. ನಾನೂ ಅತ್ತೆ, ಸದ್ದಿಲ್ಲದೆ. ಮೂಡಲಗಿಗೆ ಕೊಟ್ಟ ಮಗಳು ಶಿವಾನಿಗೆ ಫೋನು ಮಾಡಿದಾಗ ಅವಳೂ ಆ ಕಡೆಯಿಂದ ಅತ್ತಳು. ಧ್ವನಿ ಬರುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ, ಅದು ಹದಿನೆಂಟಕ್ಕೆ. ಇವತ್ತಿಗೆ ಇಷ್ಟು ಸಾಕು.

೧೦ ಆಗಸ್ಟ್, ಭಾನುವಾರ

ಈಜಿಪ್ಟಿನ ಮರುಭೂಮಿಯಲ್ಲಿ, ಕ್ಲೂನಿಗಿಂತ ಐದಾರು ನೂರು ವರ್ಷ ಮೊದಲು, ಒಬ್ಬ ಸನ್ಯಾಸಿ ಮೌನ ಕಲಿಯಲಿಕ್ಕೆಂದು ಮೂರು ವರ್ಷ ಬಾಯಲ್ಲಿ ಕಲ್ಲು ಇಟ್ಟುಕೊಂಡಿದ್ದನಂತೆ. ಮೂರು ವರ್ಷ! ಉಣ್ಣುವಾಗ ಆ ಕಲ್ಲನ್ನು ಎಲ್ಲಿಡುತ್ತಿದ್ದ? ನಿದ್ದೆಯಲ್ಲಿ ನುಂಗಿಬಿಟ್ಟರೆ? ಕಲ್ಲು ತೆಗೆದ ದಿನ ಮೊದಲು ಏನು ಮಾತಾಡಿದ? ಪುಸ್ತಕ ಇದೊಂದನ್ನೂ ಹೇಳುವುದಿಲ್ಲ. ಇತಿಹಾಸ ಬರೆಯುವವರ ಮೇಲೆ ಸಿಟ್ಟು ಬರುತ್ತದೆ. ಬೇಕಾದ್ದನ್ನೇ ಬಿಟ್ಟಿರುತ್ತಾರೆ.

ಸನ್ಯಾಸಿಗಳಲ್ಲಿ ಸನ್ನೆಯಲ್ಲೇ ಹರಟೆ ಹೊಡೆಯುವವರೂ ಇದ್ದರಂತೆ. ಅದನ್ನು ದೂರಿ ಬರೆದವರಿದ್ದಾರೆ. ಮನುಷ್ಯರೇ ತಾನೆ.

ದಾಕ್ಷಾಯಿಣಿಯ ಕಥೆಯಲ್ಲಿ ಎಮ್ಮೆಗಳು ಎರಡು ದಿನದಿಂದ ನಡೆಯುತ್ತಿವೆ. ಮೊದಲ ದಿನ ಒಂದು ಕಬ್ಬಿನ ಹೊಲದ ಬಾಜೂ ಗುಡಿಸಲಿನಲ್ಲಿ ಉಳಿದರು. ಆ ಮನೆಯ ಮುದುಕಿ ಯಾರು, ಎಲ್ಲಿಗೆ ಎಂದು ಏನೂ ಕೇಳದೆ ರೊಟ್ಟಿ ಕೊಟ್ಟಳಂತೆ. ಚಿಗವ್ವ ಎಮ್ಮೆ ಕರೆದು ಅವಳಿಗೆ ಒಂದು ಚರಿಗೆ ಹಾಲು ಕೊಟ್ಟಳು. ದಾಕ್ಷಾಯಿಣಿ ಚಿಗವ್ವನ ಮಾತು ಹೇಳುವಾಗ ಚಿಗವ್ವನ ಹಾಗೇ ಸೊಂಟಕ್ಕೆ ಕೈ ಇಡುತ್ತಾಳೆ, ಕಾಕಾನ ಮಾತಿಗೆ ಮೂಗಿನಲ್ಲಿ ಮಾತಾಡುತ್ತಾಳೆ. ಮಾತು ಕಡಿಮೆಯ ಹೆಂಗಸು ಈಗೀಗ ಬಹಳ ಮಾತಾಡುತ್ತಾಳೆ. ನನ್ನ ಬೇಜಾರು ಕಳೆಯಲೆಂದು ಇರಬೇಕು.

೧೩ ಆಗಸ್ಟ್, ಬುಧವಾರ

ತೃಪ್ತಿ ಬಂದಿದ್ದಳು, ಕ್ಲಾಸಿನವರ ಪ್ರಶ್ನೆಗಳ ಒಂದು ಹಾಳೆ ತಂದಿದ್ದಳು. ಸನ್ಯಾಸಿ ಗೊರಕೆ ಹೊಡೆದರೆ ಏನು ಮಾಡುತ್ತಿದ್ದರು? ಸುಳ್ಳು ಹೇಳಲು ಸನ್ನೆ ಇತ್ತೆ? ಹೊಸದಾಗಿ ಸೇರಿದ ಹುಡುಗನಿಗೆ ಸನ್ನೆ ಕಲಿಸುವಾಗ ಮಾತಿನಲ್ಲಿ ಕಲಿಸುತ್ತಿದ್ದರೋ, ಸನ್ನೆಯಲ್ಲೋ? ಹದಿನಾಲ್ಕು ಪ್ರಶ್ನೆ. ಎರಡಕ್ಕೆ ಉತ್ತರ ಗೊತ್ತಿತ್ತು. ಉಳಿದವುಗಳ ಮುಂದೆ 'ಗೊತ್ತಿಲ್ಲ, ಹುಡುಕೋಣ' ಎಂದು ಬರೆದುಕೊಟ್ಟೆ. ತೃಪ್ತಿ ಆ ಹಾಳೆಯನ್ನು ಬಹಳ ಹೊತ್ತು ನೋಡಿದಳು. "ಸರ್, ನೀವು ಗೊತ್ತಿಲ್ಲ ಅಂತ ಬರದೀರಿ," ಅಂದಳು. ಅದರಲ್ಲಿ ನೋಡುವುದೇನಿದೆಯೋ.

೧೫ ಆಗಸ್ಟ್, ಶುಕ್ರವಾರ

ಧ್ವಜಾರೋಹಣದ ನಿರೂಪಣೆಯನ್ನು ಕನ್ನಡ ವಿಭಾಗದ ಮಹೇಶ ಮಾಡಿದ. ಕಿವಿಯಾರೆ ಕೇಳಿ ಬಂದೆ. ಚೆನ್ನಾಗಿಯೇ ಮಾಡಿದ. ಹೊಟ್ಟೆ ಉರಿಯಿತು.

ಮನೆಗೆ ಬಂದರೆ ಎಮ್ಮೆಗಳು ಹೊಳೆಯ ದಂಡೆಗೆ ಬಂದಿದ್ದವು. ಸೇತುವೆಯ ಮೇಲೆ ಕಾಕಾನ ಮಂದಿ ನಾಲ್ಕು ಜನ ಬಡಿಗೆ ಹಿಡಿದು ನಿಂತಿದ್ದರಂತೆ. ನೀರು ಎದೆಮಟ್ಟ. ಚಿಗವ್ವನಿಗೆ ಈಜು ಬರದು, ದಾಕ್ಷಾಯಿಣಿಗೂ ಬರದು. ಅಷ್ಟರಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಆ ಕುಕ್ಕರಿಗೆ ಏನು ಹೇಳಲಿ!

೧೭ ಆಗಸ್ಟ್, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಮುಂಜಾನೆ ಶಿವಾನಿ ಮೂಡಲಗಿಯಿಂದ ಬಂದಳು. "ನಾಳಿಂದ ಅಪ್ಪ ಮಾತಾಡ್ತಾನ," ಎಂದು ಖುಷಿಯಲ್ಲಿ ಒಂದೇ ಸಮನೆ ಹೇಳುತ್ತಿದ್ದಳು. ದಾಕ್ಷಾಯಿಣಿಯೂ "ಹೂಂನವಾ, ಮನಿ ತುಂಬಿದಂಗ ಆಗ್ತೈತಿ," ಅಂದಳು. ಸಂಜೆ ಶಿವಾನಿಯನ್ನು ಬಸ್ಸಿಗೆ ಹತ್ತಿಸಿ ಬಂದೆ. ದಾಕ್ಷಾಯಿಣಿ ಕೈಕಾಲು ತೊಳೆದುಕೊಂಡು, ಚಹಾ ಸಹ ಇಡದೆ, ನನ್ನ ಎದುರು ಕೂತಳು.

"ಬರ್ರಿ, ಕುಂದರ್ರಿ ಲಗೂನ. ಇವತ್ತ ಮುಗಿಸಿ ಬಿಡ್ತೇನಿ. ನಾಳಿಂದ ನಿಮ್ಮ ಬಾಯಿ ಚಾಲೂ ಆಗ್ತೈತಿ, ಆಮ್ಯಾಲ ಇದ ಹಂಗ ಉಳೀತೈತಿ."

ನಗುನಗುತ್ತಲೇ ಅಂದಳು. ಸಿಟ್ಟಿರಲಿಲ್ಲ, ದೂರಿರಲಿಲ್ಲ. ನಾಳೆ ನೀರು ಬರುವುದಿಲ್ಲ, ಇವತ್ತೇ ತುಂಬಿಡೋಣ ಎನ್ನುವ ಹಾಗೆ. ಕಥೆಯನ್ನು ಓಡಿಸತೊಡಗಿದಳು. "ಚಿಗವ್ವ ಸೀರಿ ಕಚ್ಚಿ ಹಾಕಿದ್ಳು, ನನ್ನ ಎಮ್ಮಿ ಮ್ಯಾಲ ಕುಂಡ್ರಿಸಿದ್ಳು, ತಾ ಬಾಲ ಹಿಡದ್ಳು, ನೀರಿಗಿಳದ್ವಿ." ಸೊಂಟಕ್ಕೆ ಕೈ ಇಡಲಿಲ್ಲ, ಮೂಗಿನಲ್ಲಿ ಮಾತಾಡಲಿಲ್ಲ. ಚೆನ್ನಾಗಿ ಹೇಳುತ್ತಿದ್ದ ಕಥೆಯನ್ನು ಬರೇ ಪಾಯಿಂಟು ಪಾಯಿಂಟಾಗಿ ಒದರಿದಳು, ನಾನು ಪರೀಕ್ಷೆಯ ಮುಂಚೆ ಪಾಠ ಮುಗಿಸಿದಂತೆ. ನಿಧಾನ, ನಿಧಾನ ಎಂದು ಎರಡೂ ಕೈಯಿಂದ ತೋರಿಸಿದೆ. "ಹೊತ್ತಿಲ್ರಿ," ಅಂದಳು.

ಕಥೆ ನಡುಹೊಳೆಯಲ್ಲಿದ್ದಾಗ ಪಾರವ್ವ ನಾಲ್ಕು ಹೆಂಗಸರನ್ನು ಕರೆದುಕೊಂಡು ಬಂದಳು. ನಾಳೆ ಅನುಷ್ಠಾನ ಮುಗಿಯುತ್ತದಲ್ಲ, ಇವತ್ತು ಮಂಗಳಾರತಿ ಮಾಡಬೇಕಂತೆ. ಆರತಿ, ಹಾಡು, ಫಲಾಹಾರ. ಅವರು ಎದ್ದು ಹೋಗುವಷ್ಟರಲ್ಲಿ ದಾಕ್ಷಾಯಿಣಿ ಅಡುಗೆಗೆ ಹೊರಟಿದ್ದಳು. ನಾನು ಬಾಗಿಲಿಗೆ ಹೋಗಿ ನಿಂತೆ. "ಇರ್ಲಿ ಬಿಡ್ರಿ," ಅಂದಳು, ಬೆನ್ನು ತಿರುಗಿಸಿ. "ಯಾವಾಗರ ನೋಡೂಣು."

೧೮ ಆಗಸ್ಟ್, ಸೋಮವಾರ

ಬೆಳಗಾವಿಗೆ ಒಬ್ಬನೇ ಹೋಗಿ ಬಂದೆ. ದಾಕ್ಷಾಯಿಣಿ ಬರುತ್ತೇನೆಂದಳು. ಮಂಡಿನೋವು, ಬೇಡವೆಂದು ಬರೆದು ತೋರಿಸಿದೆ.

ಡಾಕ್ಟರು ನಳಿಕೆ ಹಾಕಿ ನೋಡಿದರು. ಬಹಳ ಹೊತ್ತು ನೋಡಿದರು. "ಹೆಸರ ಹೇಳ್ರಿ," ಅಂದರು. ಹೆದರುತ್ತ ಹೆದರುತ್ತ "ಪರಪ್ಪ" ಅಂದೆ. ಬಂತು! ಸ್ವಲ್ಪ ಒರಟು, ಆದರೆ ನನ್ನದೇ ಧ್ವನಿ. "ಭಾಳ ಚಲೋ ಮಾಸೇತ್ರಿ. ಕ್ಲಾಸಿಗೂ ಹೋಗ್ರಿ, ಆದ್ರ ಒದರಬ್ಯಾಡ್ರಿ," ಅಂದರು. ಆಸ್ಪತ್ರೆಯ ಹೊರಗೆ ಬೇವಿನ ಮರದ ಕೆಳಗೆ ನಿಂತು ಮತ್ತೊಮ್ಮೆ ನನ್ನ ಹೆಸರು ನಾನೇ ಹೇಳಿಕೊಂಡೆ. ಚಹಾದ ಅಂಗಡಿಯವನು ತಿರುಗಿ ನೋಡಿದ.

ಬಸ್ಸಿನಲ್ಲಿ ಬರುವಾಗ ಮನೆಯಲ್ಲಿ ಆಡಬೇಕಾದ ಮೊದಲ ಮಾತನ್ನು ಜೋಡಿಸಿಕೊಂಡೆ. ಮೂರು ವಾರ ನನ್ನನ್ನು ನೋಡಿಕೊಂಡದ್ದಕ್ಕೆ, ಪಂಚಮಿ ಬಿಟ್ಟದ್ದಕ್ಕೆ, ಸಮಾರಂಭದ ಭಾಷಣದಂಥ ಮೂರು ವಾಕ್ಯ. ಮೂರೂ ಚೆನ್ನಾಗಿದ್ದವು.

ಬಾಗಿಲು ತೆರೆದಿತ್ತು. ದಾಕ್ಷಾಯಿಣಿ ಪಡಸಾಲೆಯಲ್ಲಿ ನನ್ನ ಕುರ್ಚಿಯನ್ನು ಒರೆಸಿ ನೆಟ್ಟಗೆ ಇಟ್ಟಿದ್ದಳು. ತಾನು ಅಡುಗೆಮನೆಯ ಬಾಗಿಲಿನಲ್ಲಿ ನಿಂತಿದ್ದಳು, ಕೈ ಒರೆಸಿಕೊಳ್ಳುತ್ತ, ತುಟಿ ಮುಚ್ಚಿಕೊಂಡು. ಈಗ ನಾನು ಶುರು ಮಾಡುತ್ತೇನೆ, ಅವಳು ಕೇಳಬೇಕು. ಇಪ್ಪತ್ತೊಂಬತ್ತು ವರ್ಷ ಅವಳು ಹಾಗೆಯೇ ನಿಂತಿದ್ದಳಲ್ಲ ಅಂತ ಅನ್ನಿಸಿತು. "ಏನಂದ್ರುರಿ ಡಾಕ್ಟರು? ಎಲ್ಲಾ ಆರಾಮಲ್ಲ?" ಅಂದಳು.

ಆರಾಮ ಎಂದು ಗೋಣು ಹಾಕಿದೆ. ಗಾಯ ಮಾಸಿದೆ ಎಂದು ಕೈಯಿಂದ ತೋರಿಸಿದೆ. ಆಮೇಲೆ ಬಾಯಿಯ ಮೇಲೆ ಬೆರಳಿಟ್ಟು, ಎಂಟು ಬೆರಳು ಎತ್ತಿದೆ.

"ಇನ್ನೂ ಎಂಟ ದಿನಾ?"

ಹೂಂ ಎಂದು ತಲೆಯಾಡಿಸಿದೆ.

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಗೊತ್ತಾಯಿತೋ ಇಲ್ಲವೋ ನನಗೆ ತಿಳಿಯದು. ಕುರ್ಚಿಯನ್ನು ಗೋಡೆಗೆ ಸರಿಸಿದಳು. ಚಾಪೆ ಹಾಸಿದಳು. ಮಂಡಿ ಹಿಡಿದುಕೊಂಡು ಮೆಲ್ಲಗೆ ಕೂತು, ಸೊಂಟಕ್ಕೆ ಕೈ ಇಟ್ಟಳು.

"ಹಂಗಾರ ನಿನ್ನೀದು ಬಿಟ್ಟ ಬಿಡ್ರಿ. ಅದನ್ನ ನೆಟ್ಟಗ ಹೇಳೇ ಇಲ್ಲ ನಾ. ಹೊಳಿ ದಂಡಿಯಿಂದ ಮತ್ತ ಹೇಳ್ತೇನಿ."

ನಾನು ಎದುರು ಕೂತೆ. ಗಂಟಲಿಗೂ ಎಂಟು ದಿನ ಹೆಚ್ಚಿನ ವಿಶ್ರಾಂತಿ ಸಿಕ್ಕರೆ ಒಳ್ಳೆಯದೇ.